ಒಂದು ಟಿಟಿ ಸಾಕಾ?

ಡ್ರೆಸ್ಸಿಂಗ್ ರೂಮಿಗೆ ಬಂದ ಅಜ್ಜಿಗೆ ಎಪ್ಪತ್ತು ದಾಟಿತ್ತು. ಅಂಗಾಲಿಗೆ ಮುಳ್ಳು ಚುಚ್ಚಿ ಎರಡು ದಿನ. ಗಾಯದ ಬಾಯಿ ಸಾಸಿವೆಕಾಳಿನಷ್ಟು. "ಒಂದು ಟಿಟಿ ಹಾಕಿಬಿಡಿ ಸಿಸ್ಟರ್, ಸಾಕು" ಅಂದರು ಮಗ. ಧನುರ್ವಾಯು ತಡೆಯುವ ಲಸಿಕೆಯ ಮಾತು ಅದು.

ಹೆದರಬೇಕಾದದ್ದು ಇಂಥ ಕಿರಿದಾದ, ಆಳದ ಗಾಯಕ್ಕೇ. ಧನುರ್ವಾಯುವಿನ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿಯಾಡದ ಕಡೆ. ಅದರ ಬೀಜಕಣಗಳು ಮಣ್ಣು, ಧೂಳು, ಸಗಣಿಯಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ತುಕ್ಕು ಹಿಡಿದ ಮೊಳೆಯೇ ಬೇಕೆಂದಿಲ್ಲ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಡಾಕ್ಟರು ಬಾಯಿ ಸ್ವಲ್ಪ ಬಿಡಿಸಿದಾಗ ಮುರಿದ ಮುಳ್ಳಿನ ತುದಿ ಈಚೆ ಬಂತು. ಇದನ್ನು ಒಳಗೇ ಬಿಟ್ಟು ಎಷ್ಟು ಇಂಜೆಕ್ಷನ್ ಕೊಟ್ಟರೂ ಕೆಲಸ ಅರ್ಧವೇ.

"ಅಜ್ಜಿ, ಬಸುರಿಯಾಗಿದ್ದಾಗಲಾದರೂ ಟಿಟಿ ಹಾಕಿದ್ದರಾ?"

"ಹೆರಿಗೆಯೆಲ್ಲ ಮನೇಲೇ ಆಯ್ತಮ್ಮ, ಸೂಜಿ ಯಾರು ಚುಚ್ಚಿದ್ರು?"

ವಯಸ್ಸಾದವರನ್ನು ಕೇಳಬೇಕಾದದ್ದು ಇದನ್ನೇ: ಕೊನೆಯ ಸಲ ಯಾವಾಗ ಅನ್ನುವುದಕ್ಕಿಂತ ಮೊದಲು, ಮೂರು ಡೋಸ್ ಎಂದಾದರೂ ಮುಗಿದಿವೆಯೇ ಎಂದು. ಮೂರೂ ಆಗಿದ್ದರೆ ವರ್ಷಗಳಲ್ಲಿ ಪ್ರತಿಕಾಯ (ರೋಗವನ್ನು ತಡೆಯುವ ರಕ್ತದ ಅಂಶ) ಇಳಿದಿದ್ದರೂ ಒಂದು ಬೂಸ್ಟರ್‌ಗೆ ದೇಹ ಬೇಗ ಎಚ್ಚೆತ್ತುಕೊಳ್ಳುತ್ತದೆ. ಏನೂ ಆಗಿಲ್ಲದಿದ್ದರೆ ಇವತ್ತಿನ ಡೋಸ್ ಇವತ್ತಿನ ಗಾಯವನ್ನು ಕಾಯುವುದಿಲ್ಲ. ಗಾಯವಾಗಿ 3ರಿಂದ 21 ದಿನದೊಳಗೆ ರೋಗ ಕಾಣಿಸಿಕೊಳ್ಳಬಹುದು; ಮೊದಲ ಡೋಸ್‌ನ ಪ್ರತಿಕಾಯ ಅಷ್ಟರಲ್ಲಿ ಸಾಕಷ್ಟು ಏರುವುದಿಲ್ಲ, ಇಳಿವಯಸ್ಸಿನಲ್ಲಂತೂ ಇನ್ನೂ ನಿಧಾನ. ಹಾಗಾಗಿ ಅಜ್ಜಿಯ ಒಂದು ತೋಳಿಗೆ ಟಿಟಿಯ ಬದಲಿಗೆ ಕೊಡುವ ಟಿಡಿ ಲಸಿಕೆ 0.5 ಮಿ.ಲೀ., ಬೇರೆ ಸಿರಿಂಜಿನಲ್ಲಿ ಇನ್ನೊಂದು ಕಡೆ 250 ಯೂನಿಟ್ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಧನುರ್ವಾಯು ತಡೆಯುವ ಸಿದ್ಧ ಪ್ರತಿಕಾಯ. ಟಿಡಿಯಲ್ಲಿ ಗಂಟಲಮಾರಿಯ ರಕ್ಷಣೆಯೂ ಸೇರಿರುತ್ತದೆ. ಸೀಸೆಯ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ, ಅಲುಗಾಡಿಸಿಯೇ ಎಳೆಯಬೇಕು. 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು.

ಮಗ ಮಾತ್ರ ಪ್ರತಿ ತರಚುಗಾಯಕ್ಕೂ ಟಿಟಿ ಹಾಕಿಸಿಕೊಳ್ಳುವವರು. ಮೂರು ಡೋಸ್ ಮುಗಿದವರಿಗೆ ಮತ್ತೊಂದು ಬೇಕಾಗಬೇಕಾದರೆ, ಕೊನೆಯ ಡೋಸ್ ಆಗಿ ಶುಭ್ರವಾದ ಸಣ್ಣ ಗಾಯವಾದರೆ 10 ವರ್ಷ, ಮಣ್ಣಾದ ಅಥವಾ ಆಳದ ಗಾಯವಾದರೆ 5 ವರ್ಷ ಕಳೆದಿರಬೇಕು. ಪದೇಪದೇ ಚುಚ್ಚಿಸಿಕೊಂಡರೆ ತೋಳು ಮೊಣಕೈವರೆಗೆ ಊದಿಕೊಳ್ಳುವುದುಂಟು. ಒಂದೇ ಮನೆಯಲ್ಲಿ ಮಗನಿಗೆ ಬೇಡದಷ್ಟು, ತಾಯಿಗೆ ಒಂದೂ ಇಲ್ಲ. ಇದು ನಿಜಕ್ಕೂ ಸಂಕಟದ ವಿಷಯ. ಧನುರ್ವಾಯು ಬಂದು ಬದುಕುಳಿದವರಿಗೂ ಆ ರೋಗದಿಂದ ರಕ್ಷಣೆ ಹುಟ್ಟುವುದಿಲ್ಲ. ಅವರಿಗೂ ಲಸಿಕೆ ಬೇಕು.

ಅಜ್ಜಿಯ ಚೀಟಿಯಲ್ಲಿ ಎರಡು ದಿನಾಂಕ ಬರೆದುಕೊಟ್ಟೆವು: ನಾಲ್ಕು ವಾರಕ್ಕೆ ಎರಡನೆಯದು, ಅದಾಗಿ 6ರಿಂದ 12 ತಿಂಗಳೊಳಗೆ ಮೂರನೆಯದು. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಈ ನಡುವೆ ದವಡೆ ಬಿಗಿಯಾಗಿ ಬಾಯಿ ತೆರೆಯಲು ಕಷ್ಟವಾದರೆ, ನುಂಗಲಾಗದಿದ್ದರೆ ದಿನಾಂಕಕ್ಕೆ ಕಾಯದೆ ತಕ್ಷಣ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದು ಮಗನಿಗೆ ಎರಡೆರಡು ಸಲ ಹೇಳಿದೆವು.