ಕಂಟೆಂಟ್ ಕ್ಯಾಲೆಂಡರ್‌ನಲ್ಲಿ ತಯಾರಿಯ ದಿನಕ್ಕೂ ಜಾಗ ಬೇಕು

ಸಾಮಾಜಿಕ ಜಾಲತಾಣಗಳಲ್ಲಿ ನಿಯಮಿತವಾಗಿ ಬರೆಯುವ, ವಿಡಿಯೊ ಮಾಡುವ ಅನೇಕರು ತಿಂಗಳ ಆರಂಭದಲ್ಲಿ ಒಂದು ಕಂಟೆಂಟ್ ಕ್ಯಾಲೆಂಡರನ್ನು ಪ್ರಿಂಟ್ ತೆಗೆದು, ಯಾವ ದಿನ ಯಾವ ಪೋಸ್ಟ್ ಎಂದು ತುಂಬಿಸಿಕೊಳ್ಳುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಅಂಥ ಹಾಳೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಕೊರತೆಯೆಂದರೆ, ಪೋಸ್ಟ್ ಹೊರಬೀಳುವ ದಿನ ಮಾತ್ರ ಅಲ್ಲಿರುತ್ತದೆ. ಅದನ್ನು ಬರೆಯುವ, ಚಿತ್ರೀಕರಿಸುವ, ಎಡಿಟ್ ಮಾಡುವ ದಿನಗಳು ಎಲ್ಲಿಯೂ ಇರುವುದಿಲ್ಲ. ಹತ್ತನೆಯ ತಾರೀಖಿನ ಚೌಕದಲ್ಲಿ ‘ರೀಲ್’ ಎಂದು ಬರೆದವರಿಗೆ ಒಂಬತ್ತನೆಯ ತಾರೀಖಿನ ರಾತ್ರಿಯೇ ಅದರ ಭಾರ ತಿಳಿಯುತ್ತದೆ. ತಯಾರಿಯ ದಿನಗಳನ್ನು ಗುರುತಿಸದ ಕ್ಯಾಲೆಂಡರ್ ಆಸೆಗಳ ಪಟ್ಟಿಯಾಗಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ಆ್ಯಪ್‌ಗಳಿರುವಾಗ ಕಾಗದವೇ ಏಕೆ ಎಂದು ಕೇಳುವವರಿದ್ದಾರೆ. ಯೋಜನೆ ಮಾಡಲೆಂದು ಫೋನ್ ತೆರೆದರೆ, ಬೇರೆಯವರ ಪೋಸ್ಟ್‌ಗಳು ಎದುರಾಗುವ ಜಾಗದಲ್ಲೇ ನಮ್ಮ ಪೋಸ್ಟ್‌ಗಳ ಬಗ್ಗೆ ಯೋಚಿಸಬೇಕಾಗುತ್ತದೆ, ಮತ್ತು ಹಾಗೆ ಯೋಚಿಸಿದ್ದು ನಮಗೆ ಅರಿವಿಲ್ಲದೆಯೇ ಅವರ ಧಾಟಿಗೆ ಹೊರಳುತ್ತದೆ. ಜೊತೆಗೆ ಫೋನಿನ ಪರದೆಯಲ್ಲಿ ಇಡೀ ತಿಂಗಳನ್ನು ಓದುವಷ್ಟು ವಿವರವಾಗಿ ಒಮ್ಮೆಗೇ ನೋಡಲಾಗುವುದಿಲ್ಲ. ಮೇಜಿನ ಮೇಲಿಟ್ಟ ಹಾಳೆಯಲ್ಲಿ ಮೂರನೆಯ ವಾರ ಖಾಲಿಯಾಗಿರುವುದು, ಒಂದೇ ಬಗೆಯ ವಿಷಯ ನಾಲ್ಕು ಸಲ ಬಂದಿರುವುದು ಕಣ್ಣಾಡಿಸಿದೊಡನೆ ತಿಳಿಯುತ್ತದೆ.

ಹಾಳೆಯ ಅಳತೆಯನ್ನೂ ಸ್ವಲ್ಪ ಯೋಚಿಸಿ ಆರಿಸಿಕೊಳ್ಳಬೇಕು. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟರೆ ಅಗಲ 297 ಮಿಲಿಮೀಟರ್, ಎತ್ತರ 210 ಮಿಲಿಮೀಟರ್. ನಾಲ್ಕೂ ಕಡೆ 10 ಮಿಲಿಮೀಟರ್ ಅಂಚು ಬಿಟ್ಟು, ಮೇಲೆ ತಿಂಗಳ ಹೆಸರಿಗೂ ವಾರಗಳ ಹೆಸರಿಗೂ 30 ಮಿಲಿಮೀಟರ್ ಮೀಸಲಿಟ್ಟು, ಏಳು ಕಂಬಸಾಲು ಮತ್ತು ಆರು ಅಡ್ಡಸಾಲು ಎಳೆದರೆ ಒಂದೊಂದು ಚೌಕಕ್ಕೆ ಸುಮಾರು 39 ಮಿಲಿಮೀಟರ್ ಅಗಲ, 26 ಮಿಲಿಮೀಟರ್ ಎತ್ತರ ಸಿಗುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕಾದ ಕನ್ನಡದ ಬರವಣಿಗೆಯಲ್ಲಿ ಇದು ಮೂರು ಸಾಲಿಗೆ ಸಾಕು, ನಾಲ್ಕನೆಯದು ಇಕ್ಕಟ್ಟು. ಈ ಮಿತಿ ಒಳ್ಳೆಯದೇ. ಮೂರು ಸಾಲಿನಲ್ಲಿ ಹೇಳಲಾಗದ ಪೋಸ್ಟ್‌ನ ವಿಷಯ ಬರೆಯುವವರಿಗೇ ಇನ್ನೂ ಸ್ಪಷ್ಟವಾಗಿರುವುದಿಲ್ಲ.

ಆರು ಅಡ್ಡಸಾಲು ಏಕೆಂದರೆ, ಕೆಲವು ತಿಂಗಳುಗಳು ಐದರಲ್ಲಿ ಹಿಡಿಸುವುದಿಲ್ಲ. ಭಾನುವಾರದಿಂದ ಆರಂಭವಾಗುವ ವಿನ್ಯಾಸದಲ್ಲಿ 2026ರ ಫೆಬ್ರವರಿ ಸರಿಯಾಗಿ ನಾಲ್ಕು ಸಾಲುಗಳಲ್ಲಿ ಮುಗಿದರೆ, ಅದೇ ವರ್ಷದ ಮೇ ತಿಂಗಳಿಗೆ ಆರು ಸಾಲು ಬೇಕಾಗುತ್ತದೆ. ಐದೇ ಸಾಲಿರುವ ಸಿದ್ಧ ಮಾದರಿಗಳಲ್ಲಿ ಎರಡು ತಾರೀಖುಗಳನ್ನು ಒಂದೇ ಚೌಕಕ್ಕೆ ತುರುಕಿರುತ್ತಾರೆ, ಬರೆಯಲು ಜಾಗವೇ ಇರುವುದಿಲ್ಲ. ನಾನು ಸೋಮವಾರದಿಂದ ಆರಂಭವಾಗುವ ಹಾಳೆಯನ್ನೇ ಬಳಸುತ್ತೇನೆ. ಶನಿವಾರ ಮತ್ತು ಭಾನುವಾರ ಅಕ್ಕಪಕ್ಕ ಬರುವುದರಿಂದ, ಬಿಡುವಿನ ದಿನಗಳಲ್ಲೇ ಹೆಚ್ಚಿನ ಕೆಲಸ ಮಾಡಿಕೊಳ್ಳುವವರಿಗೆ ಇದು ಅನುಕೂಲ.

ಈಗ ತಯಾರಿಯ ದಿನಗಳ ವಿಷಯ. ಗಿಡ ಬೆಳೆಸುವುದರ ಬಗ್ಗೆ ಬರೆಯುವ ಒಬ್ಬರು ಜೂನ್ 5ರ ವಿಶ್ವ ಪರಿಸರ ದಿನಕ್ಕೆ, ಬೀಜದಿಂದ ಸಸಿಯಾದ ಟೊಮೆಟೊ ಗಿಡದ ಕಥೆಯನ್ನು ಕೆಲವು ಚಿತ್ರಗಳಲ್ಲಿ ಹೇಳಬೇಕೆಂದುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಚ್ಚಗಿನ ಮಣ್ಣಿನಲ್ಲಿ ಟೊಮೆಟೊ ಬೀಜ ಮೊಳೆಯಲು ಸಾಮಾನ್ಯವಾಗಿ 5ರಿಂದ 10 ದಿನ ಬೇಕು. ಮೊದಲ ಜೋಡಿ ಬೀಜದಳಗಳ ನಂತರ ನಿಜವಾದ ಎಲೆಗಳು ಕಾಣಿಸಿಕೊಳ್ಳಲು ಇನ್ನೂ ಒಂದು ವಾರವೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಹಿಡಿಯುತ್ತದೆ. ಹಾಗಾಗಿ ಮೇ 11ರ ಹೊತ್ತಿಗಾದರೂ ಬೀಜ ಬಿತ್ತಿ, ಆ ದಿನವೇ ಮೊದಲ ಚಿತ್ರ ತೆಗೆದಿರಬೇಕು. ಮೇ 16ರಿಂದ ದಿನವೂ ಬೆಳಿಗ್ಗೆ ಕುಂಡವನ್ನು ನೋಡುತ್ತಿರಬೇಕು, ಏಕೆಂದರೆ ಮೊಳಕೆ ಮಣ್ಣನ್ನು ಎತ್ತಿ ಹೊರಬರುವ ಗಳಿಗೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಕೊನೆಯ ಚಿತ್ರ ಮೇ 31ಕ್ಕೆ, ಬರಹ ಜೂನ್ 2ಕ್ಕೆ, ಶೆಡ್ಯೂಲ್ ಮಾಡುವುದು, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನಾಗಿಯೇ ಹೊರಬೀಳುವಂತೆ ಹೊಂದಿಸಿಡುವುದು, ಜೂನ್ 4ಕ್ಕೆ. ಜೂನ್ ತಿಂಗಳ ಒಂದು ಪೋಸ್ಟ್‌ಗೆ ಬೇಕಾದ ಕೆಲಸದ ಬಹುಪಾಲು ಮೇ ತಿಂಗಳ ಹಾಳೆಯಲ್ಲಿ ಬಂದು ಕುಳಿತಿತು. ಜೂನ್ ಒಂದನೆಯ ತಾರೀಖಿನಂದು ಜೂನ್ ಹಾಳೆಯನ್ನು ಮಾತ್ರ ಪ್ರಿಂಟ್ ತೆಗೆದು ಕುಳಿತವರಿಗೆ ಈ ಪೋಸ್ಟ್ ಸಾಧ್ಯವೇ ಇರಲಿಲ್ಲ. ಆದ್ದರಿಂದ ಯಾವಾಗಲೂ ಎರಡು ತಿಂಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, ಮುಂದಿನ ತಿಂಗಳಿನಿಂದ ಹಿಂದಕ್ಕೆ ಎಣಿಸುತ್ತ ಬರುವುದು ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.

ಎಲ್ಲ ಪೋಸ್ಟ್‌ಗಳಿಗೂ ಇಷ್ಟು ದೀರ್ಘವಾದ ತಯಾರಿ ಬೇಕಿಲ್ಲ. ಒಂದು ಚಿತ್ರ, ಅದರ ಜೊತೆ ನಾಲ್ಕು ಸಾಲು ಎಂಬಂಥವು ಅದೇ ದಿನ ಮುಗಿಯುತ್ತವೆ. ವಿಡಿಯೊಗೆ ಮಾತ್ರ ಹೇಳಬೇಕಾದದ್ದನ್ನು ಬರೆದುಕೊಳ್ಳುವುದು, ಬೆಳಕು ನೋಡಿ ಚಿತ್ರೀಕರಿಸುವುದು, ಎಡಿಟ್ ಮಾಡುವುದು, ಸಬ್‌ಟೈಟಲ್ ಹಾಕುವುದು, ಮುಖಚಿತ್ರ ಮಾಡುವುದು ಎಂದು ಹಲವು ಬೇರೆ ಬೇರೆ ಕೆಲಸಗಳಿದ್ದು, ಇವನ್ನೆಲ್ಲ ಒಂದೇ ಸಂಜೆಗೆ ಬರೆದುಕೊಂಡರೆ ಕೊನೆಯ ಎರಡು ಅವಸರದಲ್ಲಿ ಕೆಡುತ್ತವೆ. ಪ್ರಕಟಣೆಯ ದಿನಕ್ಕೆ ವೃತ್ತ, ತಯಾರಿಯ ದಿನಕ್ಕೆ ತ್ರಿಕೋನ ಎಂದು ಗುರುತು ಮಾಡಿಕೊಂಡರೆ ಸಾಕು, ಬಣ್ಣದ ಪೆನ್ನುಗಳ ಅಗತ್ಯವಿಲ್ಲ. ಹಾಳೆಯಲ್ಲಿ ವೃತ್ತಗಳಿಗಿಂತ ತ್ರಿಕೋನಗಳು ಹೆಚ್ಚಾಗಿದ್ದರೆ ಆ ಯೋಜನೆ ನಡೆಯುತ್ತದೆ ಎಂದು ನಂಬಬಹುದು.

ಚೌಕದೊಳಗೆ ಏನು ಬರೆಯಬೇಕು ಎಂಬುದರಲ್ಲೂ ಎಚ್ಚರ ಬೇಕು. ‘ಇನ್‌ಸ್ಟಾಗ್ರಾಂ’ ಎಂಬ ಒಂದೇ ಪದ ಯಾವ ಕೆಲಸಕ್ಕೂ ಬಾರದು. ‘ಕುಂಡದ ತೂತು ಮುಚ್ಚಿದರೆ ಬೇರು ಕೊಳೆಯುವುದು ಹೇಗೆ’ ಎಂದು ವಿಷಯವನ್ನೇ ಬರೆದು, ಅದರ ಕೆಳಗೆ ರೂಪ ಮತ್ತು ಜಾಲತಾಣವನ್ನು ಗುರುತಿಸಬೇಕು. ಮೂಲೆಯಲ್ಲಿ ‘ಉದ್ದ’ ಅಥವಾ ‘ಅಡ್ಡ’ ಎಂದು ಬರೆದಿಡುವುದು ಬಹಳ ಉಪಯುಕ್ತ. ರೀಲ್ಸ್‌ಗೂ ಶಾರ್ಟ್ಸ್‌ಗೂ 9:16ರ ಉದ್ದನೆಯ ಚೌಕಟ್ಟು ಬೇಕು, ಯೂಟ್ಯೂಬಿನ ಸಾಮಾನ್ಯ ವಿಡಿಯೊಗೆ 16:9ರ ಅಡ್ಡ ಚೌಕಟ್ಟು ಬೇಕು. ಚಿತ್ರೀಕರಣ ಮುಗಿದ ಮೇಲೆ ಇದನ್ನು ನಿರ್ಧರಿಸಲು ಹೊರಟರೆ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ಹಾಕಬೇಕಾಗುತ್ತದೆ.

ಒಂದೇ ಬರಹವನ್ನು ಎಲ್ಲ ಕಡೆಯೂ ಹಾಕುತ್ತೇನೆ ಎಂಬ ಯೋಚನೆಯೂ ಹಾಳೆಯ ಮೇಲೆ ಬರೆದಾಗಲೇ ಪರೀಕ್ಷೆಗೆ ಒಳಗಾಗುತ್ತದೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಅವಕಾಶವಿದ್ದರೆ, ಎಕ್ಸ್‌ನ (ಹಿಂದಿನ ಟ್ವಿಟರ್) ಉಚಿತ ಖಾತೆಗೆ 280ರ ಮಿತಿಯಿದೆ. ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಈ ಎಣಿಕೆಯಲ್ಲಿ ಮೂಲ ಅಕ್ಷರ, ಒತ್ತಕ್ಷರ, ಅವುಗಳನ್ನು ಜೋಡಿಸುವ ಹಲಂತ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಎಂಬುದು ಅಲ್ಲಿ ಆರಾಗುತ್ತದೆ. ಹಾಗಾಗಿ ಎಕ್ಸ್‌ಗೆಂದು ಪ್ರತ್ಯೇಕವಾದ ಚಿಕ್ಕ ಬರಹ ಬೇಕು, ಅದಕ್ಕೂ ಒಂದು ತ್ರಿಕೋನ ಬೇಕು.

ತಿಂಗಳನ್ನು ತುಂಬಿಸುವಾಗ ವಿಶೇಷ ದಿನಗಳಿಂದ ಆರಂಭಿಸುವುದು ರೂಢಿ. ಫೆಬ್ರವರಿ 21ರ ಅಂತರರಾಷ್ಟ್ರೀಯ ಮಾತೃಭಾಷಾ ದಿನ, ಏಪ್ರಿಲ್ 23ರ ವಿಶ್ವ ಪುಸ್ತಕ ದಿನ, ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಇಂಥವು ಸಂಬಂಧಪಟ್ಟವರಿಗೆ ನಿಜವಾಗಿಯೂ ಒಳ್ಳೆಯ ಅವಕಾಶಗಳು. ಆದರೆ ಇಂಥ ದಿನಗಳನ್ನೆಲ್ಲ ಮೊದಲೇ ಮುದ್ರಿಸಿ ಕೊಡುವ ಮಾದರಿಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಚೌಕ ತುಂಬಿದೆ ಎಂಬ ಸಮಾಧಾನದಲ್ಲಿ, ನಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ದಿನಕ್ಕೂ ಒಂದು ಶುಭಾಶಯದ ಚಿತ್ರ ಹಾಕಿಬಿಡುತ್ತೇವೆ, ಓದುಗರಿಗೆ ಅದರಿಂದ ಏನೂ ದೊರೆಯುವುದಿಲ್ಲ. ನಮ್ಮ ವಿಷಯಕ್ಕೆ ತಕ್ಕ ದಿನಗಳನ್ನಷ್ಟೇ ಕೈಯಿಂದ ಬರೆದುಕೊಂಡು, ವಾರಕ್ಕೆ ಒಂದೆರಡು ಚೌಕಗಳನ್ನು ಬೇಕೆಂದೇ ಖಾಲಿ ಬಿಡಬೇಕು. ಓದುಗರೊಬ್ಬರು ಕೇಳಿದ ಒಳ್ಳೆಯ ಪ್ರಶ್ನೆಗೆ ಆ ವಾರವೇ ಉತ್ತರ ಕೊಡಲು ಜಾಗ ಅಲ್ಲಿಂದಲೇ ಸಿಗಬೇಕು.

ಪೋಸ್ಟನ್ನು ಶೆಡ್ಯೂಲ್ ಮಾಡಿದ ಕೂಡಲೇ ಹಾಳೆಯಲ್ಲಿ ಆ ವೃತ್ತದೊಳಗೆ ಒಂದು ಟಿಕ್ ಹಾಕಬೇಕು. ಇದು ಕೇವಲ ಲೆಕ್ಕಕ್ಕಾಗಿ ಅಲ್ಲ. ಶೆಡ್ಯೂಲ್ ಆದ ಪೋಸ್ಟ್ ಲೋಕದಲ್ಲಿ ಏನಾಗುತ್ತಿದೆ ಎಂದು ನೋಡದೆ ಹೊತ್ತಿಗೆ ಸರಿಯಾಗಿ ಹೊರಬೀಳುತ್ತದೆ. ದೊಡ್ಡ ದುರಂತವೊಂದು ನಡೆದು ಜನ ತಮ್ಮವರ ಸುದ್ದಿಗಾಗಿ ಹುಡುಕುತ್ತಿರುವ ಹೊತ್ತಿನಲ್ಲಿ ನಮ್ಮ ಸಂಭ್ರಮದ ವಿಡಿಯೊ ಅವರ ಮುಂದೆ ಬರುವುದು ನೋವಿನ ಸಂಗತಿ. ಎರಡು ಮೂರು ಜಾಲತಾಣಗಳಲ್ಲಿ ಶೆಡ್ಯೂಲ್ ಮಾಡಿಟ್ಟವರಿಗೆ, ಮುಂದಿನ ದಿನಗಳಲ್ಲಿ ತಾನಾಗಿಯೇ ಹೊರಬೀಳಲಿರುವುದು ಏನೇನು ಎಂಬುದು ಈ ಟಿಕ್‌ಗಳಿಂದ ತಕ್ಷಣ ತಿಳಿಯುತ್ತದೆ, ತಡೆಹಿಡಿಯಲು ಸಮಯವೂ ಉಳಿಯುತ್ತದೆ.

ಹಾಳೆಯನ್ನು ಪೆನ್ಸಿಲಿನಲ್ಲಿ ತುಂಬುವವರಿಗೆ ನನ್ನದೊಂದು ವಿನಂತಿಯಿದೆ. ಪೋಸ್ಟ್ ಮುಂದಕ್ಕೆ ಹೋದಾಗ ಹಳೆಯದನ್ನು ಅಳಿಸಬೇಡಿ; ಹಳೆಯ ಚೌಕದಿಂದ ಹೊಸ ಚೌಕಕ್ಕೆ ಒಂದು ಬಾಣ ಎಳೆಯಿರಿ. ತಿಂಗಳ ಕೊನೆಯಲ್ಲಿ ಆ ಬಾಣಗಳು ಯಾವ ಬಗೆಯ ಪೋಸ್ಟ್‌ಗಳಿಂದ ಹೊರಟಿವೆ ಎಂದು ನೋಡಿದರೆ, ಯಾವ ಕೆಲಸಕ್ಕೆ ನೀವು ಕಡಿಮೆ ಸಮಯ ಇಟ್ಟುಕೊಳ್ಳುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ. ಎಲ್ಲ ಬಾಣಗಳೂ ವಿಡಿಯೊಗಳಿಂದಲೇ ಹೊರಟಿದ್ದರೆ ವಿಡಿಯೊಗಳ ಸಂಖ್ಯೆಯನ್ನು ಇಳಿಸುವ ಮೊದಲು ಅವುಗಳ ತ್ರಿಕೋನಗಳನ್ನು ಇನ್ನೊಂದು ವಾರ ಹಿಂದಕ್ಕೆ ಸರಿಸಿ ನೋಡಬೇಕು.

ಕಾಗದಕ್ಕೆ ಮಿತಿಗಳಿವೆ. ಫೈಲುಗಳನ್ನು, ಲಿಂಕ್‌ಗಳನ್ನು ಅದು ಹಿಡಿದಿಡಲಾರದು. ಅದಕ್ಕಾಗಿ ಕಂಪ್ಯೂಟರಿನಲ್ಲಿ ಪ್ರತಿ ಪೋಸ್ಟ್‌ಗೂ ಪ್ರಕಟಣೆಯ ತಾರೀಖನ್ನೇ ಹೆಸರಾಗಿ ಕೊಟ್ಟ ಒಂದು ಫೋಲ್ಡರ್ ಇರಲಿ. 2026-06-05 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಫೋಲ್ಡರ್‌ಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಇಬ್ಬರು ಮೂವರು ಸೇರಿ ಒಂದು ಪುಟ ನಡೆಸುತ್ತಿದ್ದರೆ ಹಾಳೆಯಲ್ಲಿ ಬರೆಯುವ ಅಧಿಕಾರ ಒಬ್ಬರಿಗೇ ಇರಬೇಕು, ಬದಲಾವಣೆಯಾದಾಗಲೆಲ್ಲ ಅವರು ಅದರ ಫೋಟೊ ತೆಗೆದು ಉಳಿದವರಿಗೆ ಕಳುಹಿಸಬೇಕು.

ತಿಂಗಳು ಮುಗಿದ ಹಾಳೆಯ ಹಿಂಬದಿಯಲ್ಲಿ ನಾನು ಬರೆದುಕೊಳ್ಳುವುದು ಲೈಕ್‌ಗಳ ಲೆಕ್ಕಕ್ಕಿಂತ ಹೆಚ್ಚಾಗಿ ಓದುಗರು ಕೇಳಿದ ಪ್ರಶ್ನೆಗಳನ್ನು. ಮುಂದಿನ ತಿಂಗಳ ವಿಷಯಗಳಿಗಾಗಿ ಹುಡುಕುವಾಗ ಮೊದಲು ತಿರುವಿ ನೋಡುವುದು ಅದನ್ನೇ, ಮತ್ತು ಅಲ್ಲಿಂದ ಆರಿಸಿದ ಪ್ರತಿ ಪ್ರಶ್ನೆಗೂ ವೃತ್ತಕ್ಕಿಂತ ಮೊದಲು ಅದರ ತ್ರಿಕೋನಗಳನ್ನು ಹಾಕುತ್ತೇನೆ.