ಬಿಸ್ಕತ್ತಿನ ಡಬ್ಬಿ

ಶುಕ್ರವಾರ ಸಂಜೆ. ನಲ್ಲಿ ರಿಪೇರಿಯವನು ಚೀಲ ಹೆಗಲಿಗೇರಿಸಿ, "ದುಡ್ಡು ಭಾನುವಾರ ಕೊಡಿ ಅಜ್ಜಿ" ಎಂದ. ನಾನು ನೋಡಿಕೊಳ್ಳುವ ಈ ಜೆರುಸಲೇಮಿನ ಅಜ್ಜಿ ಜಪ್ಪಯ್ಯ ಎನ್ನಲಿಲ್ಲ.

ಬಿಸ್ಕತ್ತಿನ ಡಬ್ಬಿ ತೆರೆದರು. ನೋಟು ಸಾಲಲಿಲ್ಲ. ಐದೈದು ಶೆಕೆಲ್ ನಾಣ್ಯಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಎರಡು ಸಲ ಎಣಿಸಿದರು. ನನಗೋ ಗಡಿಯಾರದ ಮೇಲೇ ಕಣ್ಣು. ಇಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮೊದಲೇ ದೀಪ ಹಚ್ಚುವ ರೂಢಿ. ಹಚ್ಚಿದ ಮೇಲೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ; ದುಡ್ಡು ಮುಟ್ಟುವ ಹಾಗಿಲ್ಲ.

ಅವರ ಧರ್ಮಗ್ರಂಥ ತೋರಾದಿಂದ ಈ ವಾರ ಓದುವ ಪಾಠ ‘ಕೀ ತೇತ್ಸೇ’. ಅದರಲ್ಲೇ ಇದೆ: ಕೂಲಿಯವನ ಕೂಲಿ ಅಂದೇ, ಹೊತ್ತು ಮುಳುಗುವ ಮೊದಲು. ಅವನು ಬಡವ, ಅದರ ಮೇಲೆಯೇ ಜೀವ ಇಟ್ಟುಕೊಂಡಿರುತ್ತಾನೆ ಎಂದು ಕಾರಣವೂ ಉಂಟು. (ನಲ್ಲಿಯವನು ಬಂದದ್ದು ಹೊಸ ಕಾರಿನಲ್ಲಿ!) ಕೆಲಸದವನೇ ಆಮೇಲೆ ಕೊಡಿ ಎಂದರೆ ದೋಷವಿಲ್ಲ. ಅದೂ ಅಜ್ಜಿಗೆ ಗೊತ್ತು.

ಊರಿನಲ್ಲಿ ಅಪ್ಪ, ಅಡಿಕೆ ಸುಲಿಯುವವರಿಗೆ "ಸೋಮವಾರ ಬನ್ನಿ" ಎನ್ನುತ್ತಿದ್ದರು. ಆಯಿತು ಎಂದವರು ಅಂಗಳದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದರು.

ಡಬ್ಬಿ ಖಾಲಿ. ಅಜ್ಜಿ ಈಗ ಬೆಂಕಿಪೆಟ್ಟಿಗೆ ಹುಡುಕುತ್ತಿದ್ದಾರೆ.