ಬಾಗಿಲಿನ ಎರಡು ಮಗ್ಗುಲು

ಟೋಕಿಯೋದ ಮೊದಲ ನಾಲ್ಕು ದಿನ ಗುಡಿ, ಗೋಪುರ, ಶಿಬುಯಾದ ನೂಕುನುಗ್ಗಲಲ್ಲಿ ಕಳೆದುಹೋದವು. ನನಗೆ ಬರೆಯಬೇಕು ಅನ್ನಿಸಿದ್ದು ಜಿಂಬೋಚೋದ ಹಳೇ ಪುಸ್ತಕದಂಗಡಿಗಳ ನಡುವೆ, ಒಂದು ಸಣ್ಣ ಮಳಿಗೆಯಲ್ಲಿ ಕೂತಿದ್ದ ಮುಕ್ಕಾಲು ಗಂಟೆಯ ಬಗ್ಗೆ.

ಜಪಾನಿನ ಹಳೇ ರಂಗಕಲೆ ಕಬುಕಿಯ ನಟರು ದೆವ್ವದ ವೇಷದಲ್ಲಿರುವ ಮರದಚ್ಚಿನ ಚಿತ್ರಗಳನ್ನು ನೋಡಲೆಂದೇ ಹೋದವಳು ನಾನು. ಬೆಳಿಗ್ಗೆ ಹೋದ ಮ್ಯೂಸಿಯಂ ಮುಚ್ಚಿತ್ತು. ಬೆಳಕಿಗೆ ಬಣ್ಣ ಮಾಸುವುದರಿಂದ ಇವನ್ನು ಆಗಾಗ ಬದಲಿಸುತ್ತಾರೆ, ಬದಲಿಸುವ ದಿನಗಳಲ್ಲಿ ಬಾಗಿಲು ಹಾಕಿರುತ್ತಾರೆ. ಹೋಗುವವರು ದಯವಿಟ್ಟು ತಾರೀಖು ನೋಡಿಕೊಂಡು ಹೋಗಿ. ಆ ಬೇಸರ ನನಗಿನ್ನೂ ಆರಿಲ್ಲ.

ಮಳಿಗೆಯ ಅಜ್ಜನ ಮುಂದೆ "ಒಇವಾ" ಎಂದೆ, ಅಷ್ಟೇ. ಅವರ ಮುಖ ಅರಳಿತು. ಮೊಮ್ಮಗಳು ಇಂಗ್ಲಿಷಿನಲ್ಲಿ ದುಭಾಷಿಯಾದಳು.

ಒಇವಾ, ತ್ಸುರುಯಾ ನಂಬೊಕು 1825ರಲ್ಲಿ ರಂಗಕ್ಕೆ ತಂದ 'ಯೊತ್ಸುಯಾ ಕೈದಾನ್' ನಾಟಕದ ಹೆಂಡತಿ. ಔಷಧಿಯೆಂದು ಕಳಿಸಿದ ವಿಷ ಕುಡಿದು ಮುಖ ವಿಕಾರವಾಗುತ್ತದೆ, ಬಾಚಿದರೆ ಕೂದಲು ಕಿತ್ತು ಬರುತ್ತದೆ. ಅವಳು ಸತ್ತ ಮೇಲೆ ಗಂಡ ಇಯೆಮೊನ್ ಕೆಲಸದಾಳು ಕೊಹೇಯನ್ನೂ ಕೊಂದು, ಎರಡೂ ಹೆಣಗಳನ್ನು ಒಂದೇ ಬಾಗಿಲಿನ ಹಿಂದೆ ಮುಂದೆ ಮೊಳೆ ಹೊಡೆದು ನೀರಿಗೆ ಬಿಡುತ್ತಾನೆ. ಅವನು ಮೀನು ಹಿಡಿಯಲು ಕೂತಿದ್ದಾಗ ಬಾಗಿಲು ತೇಲಿ ಬರುತ್ತದೆ. ಮೊದಲು ಒಇವಾ, ಮಗುಚಿದರೆ ಕೊಹೇ. ಮೊದಲ ಪ್ರದರ್ಶನದಲ್ಲಿ ಈ ಎರಡೂ ವೇಷ ಒಬ್ಬನದೇ: ಒನೊಯೆ ಕಿಕುಗೊರೊ, ಆ ಹೆಸರಿನ ಮೂರನೇ ನಟ.

ಅಜ್ಜ ಡ್ರಾಯರಿನಿಂದ ತೆಗೆದ ಚಿತ್ರದಲ್ಲಿ ಬಾಗಿಲಿನ ಮೇಲೆ ಒಇವಾ ಇದ್ದಳು. ಒಂದು ಕಣ್ಣು ಬಾತು ಜೋತಿತ್ತು. ಬಾಗಿಲಿನಷ್ಟೇ ಅಗಲದ ಕಾಗದದ ತುಂಡನ್ನು ಮೇಲಂಚಿಗೆ ಮಾತ್ರ ಅಂಟಿಸಿದ್ದರು.

"ನೀವೇ ಎತ್ತಿ" ಎಂದರು ಅಜ್ಜ.

"ಹರಿದರೆ?"

"ನಿಧಾನ ಎತ್ತಿ. ಎತ್ತಲೆಂದೇ ಮಾಡಿದ್ದು."

ಎತ್ತಿದೆ. ಕೆಳಗೆ ಕೊಹೇ. ಬಿಟ್ಟೆ, ಒಇವಾ. ಮತ್ತೆ ಎತ್ತಿದೆ. ಆಗ ಕಂಡಿತು: ಎರಡೂ ಮುಖಕ್ಕೆ ಮೂಗು ಒಂದೇ, ಗದ್ದ ಒಂದೇ. ದೆವ್ವವನ್ನಲ್ಲ, ವೇಷದೊಳಗಿನ ನಟನನ್ನು ಗುರುತು ಹಿಡಿದು ಜನ ಇದನ್ನು ಕೊಳ್ಳುತ್ತಿದ್ದರು. ಲಾಂದ್ರವೇ ಒಇವಾಳ ಮುಖವಾಗುವ ಚಿತ್ರಕಾರ ಹೊಕುಯೇಯ 1832ರ ಚಿತ್ರವನ್ನು ನಾನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಪ್ರಸಿದ್ಧ ಅದೇ. ಆದರೆ ನನಗೆ ಈ ಎತ್ತುವ ಕಾಗದವೇ ದೊಡ್ಡದು.

"ಇಲ್ಲಿ ನೋಡಿ" ಎಂದು ಅಜ್ಜ ಕಾಗದದ ಕೆಳಗಿನ ಮೂಲೆ ತೋರಿಸಿದರು. ಅಲ್ಲಿ ಬಣ್ಣ ಹೋಗಿ, ಹೆಬ್ಬೆರಳಿನಗಲ ಕಂದು ಕಲೆ ಕೂತಿತ್ತು. "ನಾಟಕ ನೋಡಿ ಬಂದವರು ಮನೆಯಲ್ಲಿ ಮಕ್ಕಳಿಗೆ ತೋರಿಸಿರಬೇಕು, ಎತ್ತಿ, ಬಿಟ್ಟು, ಎತ್ತಿ."

ನನ್ನ ಹೆಬ್ಬೆರಳೂ ಅಲ್ಲೇ ಇತ್ತು.